ಅಳೋದು ಸಾಕು, ಅಳೆಯೋಣ

ಸುಮಾರು ದಿನ ಆಯ್ತು ಈ ಕಡೆ ತಲೆ ಹಾಕದೆ. ಕಾರಣ ಎರಡು. ಒಂದು, ಆಫೀಸಿನಲ್ಲಿ ರಿಲೀಸು. ಎರಡನೆಯದು, ಕಳೆದ ಮೂರು ಸಲ ಊರಿಗೆ ಹೋದಾಗಲೂ ನಾನು ರಸ್ತೆ ಮಧ್ಯೆ ದೋಟಿ ಹಿಡಿದುಕೊಂಡು ನಿಂತಿದ್ದೆ. ಅಡಿಕೆ ಕೊಯ್ಯೋದಕ್ಕಲ್ಲ. ದೋಟಿ ತುದಿಗೆ ನನ್ನ ಹಳೇ ಮೊಬೈಲು ಕಟ್ಟಿತ್ತು. ಊರಿನವರ ಪ್ರಕಾರ ಬೆಂಗಳೂರು ನೀರು ಕುಡಿದು ನನ್ನ ತಲೆ ಕೆಟ್ಟಿದೆ. ಇರಬಹುದು :)

ಕಥೆ ಹೇಳೋ ಮೊದಲು ನಿಮ್ಮ ಜೊತೆಗೇ ಒಂದು ಜಗಳ ಇದೆ. ಸಿಟ್ಟಾಗಬೇಡಿ, ಬೈಸಿಕೊಳ್ಳುವವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಮಲೆನಾಡು ಕಡೆಯ ನಾವು ಬ್ಲಾಗಿಗರು ಕಾಡಿನ ರಸ್ತೆ ಬಗ್ಗೆ ಹೇಗೆ ಬರೀತೀವಿ, ಸ್ವಲ್ಪ ನೆನಪು ಮಾಡಿಕೊಳ್ಳಿ. ಚಿಕ್ಕಂದಿನಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲುದಾರಿ. ಅಕ್ಕಪಕ್ಕ ಕವಳಿ ಹಣ್ಣು. ತಲೆ ಮೇಲೆ ಮರಗಳ ಚಪ್ಪರ. ಅಜ್ಜನ ಕೈ ಹಿಡಿದು ನಡೆದದ್ದು. ಆಮೇಲೆ ಜೆಸಿಬಿ ಬಂತು, ಎಲ್ಲಾ ಹೋಯ್ತು, ಅಯ್ಯೋ... ಕೆಳಗೆ ಹದಿನೆಂಟು ಕಾಮೆಂಟು. ತುಂಬಾ ಚೆನ್ನಾಗಿದೆ, ನನ್ನ ಬಾಲ್ಯ ನೆನಪಾಯ್ತು, ಕಣ್ಣು ಒದ್ದೆಯಾಯ್ತು. ನಾನೂ ಹೀಗೇ ಬರೆದಿದ್ದೇನೆ, ಅದಕ್ಕೂ ಕಾಮೆಂಟು ಬಂದಿವೆ, ಓದಿ ಖುಷಿಯೂ ಪಟ್ಟಿದ್ದೇನೆ. ಮೊನ್ನೆ ಅದನ್ನೇ ಮತ್ತೆ ಓದಿದೆ. ಇಡೀ ಬರಹದಲ್ಲಿ ಒಂದೇ ಒಂದು ಸಂಖ್ಯೆ ಇಲ್ಲ. ರಸ್ತೆ ಮೊದಲು ಎಷ್ಟು ಅಗಲ ಇತ್ತು? ಈಗ ಎಷ್ಟಾಗಿದೆ? ಎಷ್ಟು ದೂರ ಹೀಗಾಗಿದೆ? ಯಾವ ತಿಂಗಳಲ್ಲಿ ಆಯ್ತು? ಯಾವುದಕ್ಕೂ ಉತ್ತರ ಇಲ್ಲ. ಓದಿದವರು ಮರುಗಬಹುದು, ಅಷ್ಟೆ. ಏನೂ ಕೇಳೋಕೆ ಬರಲ್ಲ.

ಆ ಕಡೆಯವರು ನಮ್ಮ ಹಾಗಲ್ಲ. ರಸ್ತೆ ಮಾಡಿಸುವ ಇಲಾಖೆಗಳಲ್ಲಿ ಅಳತೆ ಪುಸ್ತಕ ಅಂತ ಒಂದು ಇರುತ್ತದೆ. ಎಲ್ಲರೂ ಅದನ್ನು ಎಂಬಿ ಅಂತಾರೆ. ಎಂಬಿ ಬರೆಯದೆ ಕಾಂಟ್ರಾಕ್ಟರಿಗೆ ಒಂದು ರೂಪಾಯಿ ಬಿಲ್ಲೂ ಆಗಲ್ಲ. ಜಲ್ಲಿ ಎಷ್ಟು ದಪ್ಪ, ಟಾರು ಎಷ್ಟು ಅಗಲ, ಮೋರಿ ಎಷ್ಟು ಉದ್ದ, ಎಲ್ಲಾ ಅದರಲ್ಲಿ. ದುಡ್ಡು ಯಾವುದಕ್ಕೆ ಕೊಡಬೇಕೋ ಅದನ್ನೆಲ್ಲ ಅಳೆಯುತ್ತಾರೆ. ಟಾರಿನ ಅಂಚಿನಿಂದ ಆಚೆ ಎಷ್ಟು ಕಾಡು ಹೋಯ್ತು ಅನ್ನುವುದಕ್ಕೆ ಯಾರಿಗೂ ಬಿಲ್ಲು ಆಗಬೇಕಾಗಿಲ್ಲವಲ್ಲ, ಹಾಗಾಗಿ ಆ ಕಾಲಮ್ಮೇ ಇಲ್ಲ. ಅವರು ಅದನ್ನು ಬರೆಯಲ್ಲ. ನಾವೋ, ಕವಳಿ ಹಣ್ಣಿನ ಬಗ್ಗೆ ಬರೀತೀವಿ.

ನನ್ನ ತಕರಾರು ಇಷ್ಟೇ. ಕಾಡಿನ ರಸ್ತೆಯಲ್ಲಿ ಎಲ್ಲರೂ ಉದ್ದ ಹೇಳುತ್ತಾರೆ, ಕಾಡಿಗೆ ಪೆಟ್ಟು ಕೊಡುವುದು ಅಗಲ. ಆ ಅಗಲವನ್ನು ಅಳೆಯೋಕೆ ಲಕ್ಷಗಟ್ಟಲೆ ಬೆಲೆಯ ಸಲಕರಣೆ ಬೇಡ. ಬೇಡ ಅಂತ ಗೊತ್ತಿದ್ದೂ ಅಳೆಯದೆ ಕೂತು ಅಳುತ್ತಿದ್ದರೆ ಅದು ನಮ್ಮದೇ ತಪ್ಪು.

ಅಗಲ ಯಾಕೆ ಮುಖ್ಯ ಅಂತ ಒಂದು ಸಣ್ಣ ಲೆಕ್ಕ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಪ್ರಕಾರ ಕಾಡಂಚಿನ ಊರಿನವರಿಗೆ ಶಾಲೆ, ಆಸ್ಪತ್ರೆ, ರಸ್ತೆ ಮುಂತಾದ ಸೌಲಭ್ಯಕ್ಕೆ ಅರಣ್ಯ ಜಾಗ ಕೊಡಬಹುದು. ಷರತ್ತು ಇದೆ. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಆಗಿರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವ ಹಾಗಿಲ್ಲ, ಗ್ರಾಮಸಭೆ ಶಿಫಾರಸು ಮಾಡಿರಬೇಕು. ಒಂದು ಹೆಕ್ಟೇರು ಅಂದರೆ 10,000 ಚದರ ಮೀಟರು. ಗ್ರಾಮ ಸಡಕ್ ರಸ್ತೆಗಳಲ್ಲಿ ಟಾರಿನ ಅಗಲ ಸಾಮಾನ್ಯವಾಗಿ 3.75 ಮೀಟರು. ಭಾಗಿಸಿ ನೋಡಿ. ಬರೀ ಟಾರಿನಷ್ಟೇ ಜಾಗ ತಗೊಂಡರೆ ಒಂದು ಹೆಕ್ಟೇರಿನಲ್ಲಿ ಎರಡೂಮುಕ್ಕಾಲು ಕಿಲೋಮೀಟರಿಗೆ ಹತ್ತಿರ ರಸ್ತೆ ಬರುತ್ತದೆ. ಆರು ಮೀಟರು ತಗೊಂಡರೆ ಒಂದೂಮುಕ್ಕಾಲಿಗೂ ಕಡಿಮೆ. ಹತ್ತು ಮೀಟರು ಕಡಿದರೆ ಒಂದೇ ಕಿಲೋಮೀಟರು. ಕಾಗದದಲ್ಲಿ ಅದೇ ಹೆಕ್ಟೇರು, ನೆಲದ ಮೇಲೆ ಒಂದು ಊರಿಗೆ ರಸ್ತೆ ಮುಟ್ಟುತ್ತದೆ, ಇನ್ನೊಂದು ಊರಿಗೆ ಮುಟ್ಟಲ್ಲ.

ಇಲ್ಲಿಗೆ ಬಂದ ಕೂಡಲೇ ಒಂದು ಕಾಮೆಂಟು ಗ್ಯಾರಂಟಿ. 'ಬೆಂಗಳೂರಲ್ಲಿ ಎಸಿ ಕೆಳಗೆ ಕೂತವರಿಗೆ ಹಳ್ಳಿಗೆ ರಸ್ತೆ ಬೇಡ.' ಸ್ವಾಮಿ, ನಮ್ಮ ಅಜ್ಜಿಯನ್ನು ಮಳೆಗಾಲದಲ್ಲಿ ಕುರ್ಚಿಗೆ ಕಂಬಳಿ ಕಟ್ಟಿ ನಾಲ್ಕು ಜನ ಹೊತ್ತುಕೊಂಡು ಹೋಗಿದ್ದನ್ನು ನಾನು ನೋಡಿದ್ದೇನೆ. ಆ ಕುರ್ಚಿ ಇನ್ನೂ ನಮ್ಮನೆ ಅಟ್ಟದ ಮೇಲಿದೆ. ರಸ್ತೆ ಬೇಕು. ಆಂಬುಲೆನ್ಸು ಹೋಗುವಷ್ಟು ರಸ್ತೆ ಎಲ್ಲ ಊರಿಗೂ ಬೇಕು. ಆದರೆ ಆಂಬುಲೆನ್ಸಿನ ಹೆಸರು ಹೇಳಿ ಎರಡು ಟಿಪ್ಪರು ಅಕ್ಕಪಕ್ಕ ಹೋಗುವಷ್ಟು ಗುಡ್ಡ ಕಡಿಯೋದು ಬೇರೆ ವಿಷಯ. ಎರಡನ್ನೂ ಒಂದೇ ಅಂತ ತೋರಿಸಲು ಸಾಧ್ಯ ಆಗೋದು ಯಾರ ಹತ್ತಿರವೂ ಅಳತೆ ಇಲ್ಲದಿದ್ದಾಗ ಮಾತ್ರ.

ಹಾಗಾದರೆ ಸ್ಯಾಟಲೈಟು ಇದೆಯಲ್ಲ ಅಂತೀರಾ? ನಾನೂ ಮೊದಲು ಅಲ್ಲಿಗೇ ಹೋದೆ, ಸಾಫ್ಟ್‌ವೇರಿನವನಲ್ವಾ, ಕುರ್ಚಿ ಬಿಟ್ಟು ಏಳದೆ ಆಗುವ ಕೆಲಸ ಮೊದಲು ನೋಡೋದು. ಸ್ಯಾಟಲೈಟಿನಿಂದ ದೊಡ್ಡ ಕೆಲಸವೇ ಆಗಿದೆ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬೋರ್ನಿಯೋ, ಸುಮಾತ್ರಾ, ನ್ಯೂಗಿನಿ ಕಡೆಯ ಕಾಡುಗಳಲ್ಲಿ ಸ್ವಯಂಸೇವಕರು ಸುಮಾರು 7,000 ಗಂಟೆ ಕೂತು, ಉಪಗ್ರಹ ಚಿತ್ರಗಳ ಮೇಲೆ ಕಣ್ಣಿಗೆ ಕಂಡ ರಸ್ತೆಗಳನ್ನೆಲ್ಲ ಕೈಯಿಂದ ಗೆರೆ ಎಳೆದರು. ಸಿಕ್ಕಿದ್ದು 13.7 ಲಕ್ಷ ಕಿಲೋಮೀಟರು ರಸ್ತೆ. ಇದ್ದ ಬೇರೆ ನಕ್ಷೆಗಳಲ್ಲಿ ಇದ್ದದ್ದಕ್ಕಿಂತ ಮೂರರಿಂದ ಆರೂವರೆ ಪಟ್ಟು ಹೆಚ್ಚು. ಭೂತ ರಸ್ತೆಗಳು ಅಂತ ಹೆಸರಿಟ್ಟರು. ಯಾವ ನಕ್ಷೆಯಲ್ಲೂ ಇಲ್ಲ, ಕಾಡಿನಲ್ಲಿ ಇದೆ. ಅಮೆಜಾನಿನ ಬಗ್ಗೆ 2014ರ ಇನ್ನೊಂದು ಅಧ್ಯಯನ ಇದೆ. ಅಲ್ಲಿ ಆದ ಕಾಡುನಾಶದಲ್ಲಿ ಸುಮಾರು ನೂರಕ್ಕೆ 95ರಷ್ಟು ರಸ್ತೆಯಿಂದ ಐದೂವರೆ ಕಿಲೋಮೀಟರಿನ ಒಳಗೆ, ಇಲ್ಲವೇ ದೊಡ್ಡ ನದಿಯಿಂದ ಒಂದು ಕಿಲೋಮೀಟರಿನ ಒಳಗೆ ಆದದ್ದು. ಮೊದಲು ರಸ್ತೆ, ಹಿಂದಿನಿಂದ ಗರಗಸ.

ಆದರೆ ಅಲ್ಲಿಯ ಪ್ರಶ್ನೆ 'ರಸ್ತೆ ಇದೆಯಾ ಇಲ್ವಾ' ಅನ್ನೋದು. ನಮ್ಮ ಕಡೆ ಪ್ರಶ್ನೆ 'ಇದ್ದ ರಸ್ತೆ ಎಷ್ಟು ದಪ್ಪ ಆಯ್ತು' ಅಂತ. ಯುರೋಪಿನವರ ಸೆಂಟಿನೆಲ್-2 ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತದೆ, ಆದರೆ ಅದರಲ್ಲಿ ಒಂದು ಚುಕ್ಕೆ ಅಂದರೆ ಹತ್ತು ಮೀಟರು. ನಮ್ಮ ಟಾರು ರಸ್ತೆ ಆ ಚುಕ್ಕೆಯ ಅರ್ಧವೂ ಇಲ್ಲ. ನಾಲ್ಕು ಇದ್ದದ್ದು ಏಳು ಆದರೂ ಚುಕ್ಕೆ ಒಂದೇ. ಗೂಗಲ್ ಅರ್ಥ್‌ನಲ್ಲಿ ಇದಕ್ಕಿಂತ ಸ್ಪಷ್ಟ ಚಿತ್ರ ಇರುತ್ತದೆ ನಿಜ, ಆದರೆ ನಿಮಗೆ ಬೇಕಾದ ತಿಂಗಳಿನದು ಇರಲ್ಲ. ಮಳೆಗಾಲ ಪೂರ್ತಿ ನಮ್ಮ ಘಟ್ಟದ ಮೇಲೆ ಮೋಡ. ಮೇ ಕೊನೆಯಲ್ಲಿ ಕಡಿದದ್ದು ಮೇಲಿನಿಂದ ಕಾಣುವ ಹೊತ್ತಿಗೆ ದೀಪಾವಳಿ.

ಅಂದರೆ ಉಪಗ್ರಹಕ್ಕಿಂತ ತುಂಬಾ ಕೆಳಗೆ, ನಮ್ಮ ತಲೆಗಿಂತ ಸ್ವಲ್ಪ ಮೇಲೆ ಕ್ಯಾಮೆರಾ ಬೇಕು. ಇದೇನು ಹೊಸ ವಿದ್ಯೆ ಅಲ್ಲ. ಆರ್ಥರ್ ಬಟು ಅನ್ನುವ ಫ್ರೆಂಚಿನವನು 1888ರಲ್ಲೇ ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ತನ್ನೂರಿನ ಫೋಟೋ ತೆಗೆದಿದ್ದ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ಸೋರಿದಾಗ ಅಮೆರಿಕದ ಪಬ್ಲಿಕ್ ಲ್ಯಾಬ್ ಗುಂಪಿನವರು ಬಲೂನು, ಗಾಳಿಪಟಗಳಿಗೆ ಸಾದಾ ಡಿಜಿಟಲ್ ಕ್ಯಾಮೆರಾ ಕಟ್ಟಿ ದಡದ ನಕ್ಷೆ ಮಾಡಿದ್ದರು. ಅದನ್ನು ಓದಿ ಹುಮ್ಮಸ್ಸು ಬಂದು ನಾನೂ ಒಂದು ದೊಡ್ಡ ಗಾಳಿಪಟ ಕಟ್ಟಿದೆ. ಹಳೇ ಕೆನಾನ್ ಕ್ಯಾಮೆರಾಕ್ಕೆ ಸಿಎಚ್‌ಡಿಕೆ ಅನ್ನುವ ತಂತ್ರಾಂಶ ಹಾಕಿದರೆ ಅದು ತನ್ನಷ್ಟಕ್ಕೆ ಐದು ಸೆಕೆಂಡಿಗೊಂದು ಫೋಟೋ ತೆಗೆಯುತ್ತಾ ಹೋಗುತ್ತದೆ, ಅದನ್ನೂ ಹಾಕಿದೆ. ಸಮುದ್ರ ದಂಡೆಯ ಗಾಳಿ ಬೇರೆ, ಕಾಡಿನ ನಡುವಿನ ಗಾಳಿ ಬೇರೆ ಅಂತ ಗೊತ್ತಾಗೋಕೆ ಹನ್ನೊಂದು ನಿಮಿಷ ಸಾಕಾಯ್ತು. ಕ್ಯಾಮೆರಾ ಸಿಕ್ಕಿತು. ಗಾಳಿಪಟ ಇವತ್ತಿಗೂ ಒಂದು ಹೊನ್ನೆ ಮರದ ಮೇಲಿದೆ. (1934ರ ವಿಮಾನ ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಳಿಪಟವೂ ವಿಮಾನವೇ ಆಗಿತ್ತು, ಗೊತ್ತಾ? ಆ ಲೆಕ್ಕದಲ್ಲಿ ನಮ್ಮೂರಿನಲ್ಲಿ ಆದ ಮೊದಲ ವಿಮಾನ ಅಪಘಾತ ನನ್ನದು.)

ದೋಟಿಯ ಉಪಾಯ ನನ್ನದಲ್ಲ, ನಮ್ಮನೆ ಕೊನೆಗೌಡನದು. ಮರದ ಮೇಲೆ ಸಿಕ್ಕಿಬಿದ್ದ ಗಾಳಿಪಟ ನೋಡಿ ನಕ್ಕು, 'ಮೇಲಿಂದ ಫೋಟೋ ಬೇಕಾದ್ರೆ ದೋಟಿಗೆ ಕಟ್ಟೂದಪ್ಪ, ಹಾರ್ಸೂದು ಎಂತಕೆ?' ಅಂದ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನಿಗೆ ಹೊಳೆಯಲಿಲ್ಲ ನೋಡಿ. ಅಡಿಕೆ ಕೊಯ್ಯೋಕೆ, ಮದ್ದು ಹೊಡೆಯೋಕೆ ಈಗ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಒಂದರೊಳಗೊಂದು ಸೇರುವ ಕೊಳವೆಗಳು, ಎಳೆದರೆ ಅರವತ್ತು ಅಡಿಗಿಂತಲೂ ಮೇಲೆ ಹೋಗುತ್ತವೆ, ಒಬ್ಬನೇ ಎತ್ತಿ ನಿಲ್ಲಿಸಬಹುದು. ಪಕ್ಕದ ಮನೆಯವರ ದೋಟಿ ಕಡ ತಂದೆವು. ತುದಿಗೆ ಒಂದು ಕೋಲು ಅಡ್ಡ ಕಟ್ಟಿ, ಅದರಿಂದ ಎರಡು ದಾರದಲ್ಲಿ ಮೊಬೈಲು ತೂಗುಬಿಟ್ಟರೆ ಕ್ಯಾಮೆರಾ ಹೆಚ್ಚುಕಮ್ಮಿ ನೇರ ಕೆಳಗೇ ನೋಡುತ್ತದೆ. 18 ಮೀಟರು ಎತ್ತರದಿಂದ ಸಾಮಾನ್ಯ ಮೊಬೈಲಿನ ಒಂದು ಫೋಟೋದಲ್ಲಿ ಸುಮಾರು 24 ಮೀಟರು ಉದ್ದ, 18 ಮೀಟರು ಅಗಲದ ನೆಲ ಬರುತ್ತದೆ. 4,000 ಚುಕ್ಕೆಯ ಚಿತ್ರ ಅಂದುಕೊಂಡರೆ ಒಂದು ಚುಕ್ಕೆ ನೆಲದ ಮೇಲೆ 6 ಮಿಲಿಮೀಟರು. ಹತ್ತು ಮೀಟರಿನ ಚುಕ್ಕೆ ಎಲ್ಲಿ, ಆರು ಮಿಲಿಮೀಟರು ಎಲ್ಲಿ! ಇದಕ್ಕೆ ಲೈಸೆನ್ಸ್ ಬೇಡ, ಬ್ಯಾಟರಿ ಬೇಡ. ಎಚ್ಚರಿಕೆ ಒಂದೇ, ಆದರೆ ದೊಡ್ಡದು. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಮೇಲೆ ವಿದ್ಯುತ್ ತಂತಿ ಇರುವ ಕಡೆ ದೋಟಿ ಎತ್ತಲೇಬೇಡಿ. ಆ ಜಾಗ ಅಳೆಯದೆ ಇದ್ದರೂ ಪರವಾಗಿಲ್ಲ.

ಅಳೆದದ್ದು ನಮ್ಮ ಊರಿನಿಂದ ಪಕ್ಕದ ಕೇರಿಗೆ ಸೊಪ್ಪಿನ ಬೆಟ್ಟದ ನಡುವೆ ಹೋಗುವ ರಸ್ತೆ. ಸಿದ್ದಾಪುರ ತಾಲೂಕು, ಇಷ್ಟು ಸಾಕು. 1.4 ಕಿಲೋಮೀಟರು. ಹತ್ತು ಮೀಟರಿಗೊಂದು ಸಲ ನಿಲ್ಲೋದು, ಫೋಟೋ, ಮುಂದೆ ಹೋಗೋದು. ಪ್ರತಿ ಫೋಟೋದಲ್ಲೂ ಬರುವ ಹಾಗೆ ಎರಡು ಮೀಟರು ಉದ್ದದ, ಬಿಳಿ ಕೆಂಪು ಬಣ್ಣ ಬಳಿದ ರೀಪು ನೆಲದ ಮೇಲೆ. 140 ಫೋಟೋಗೆ ಒಂದೂವರೆ ದಿನ ಹಿಡಿಯಿತು. ಆಚೀಚೆ ಬೈಕು ಬಂದಾಗೆಲ್ಲ ದೋಟಿ ಇಳಿಸಿ 'ಎಂತ ಮಾಡ್ತಾ ಇದ್ರಿ' ಅನ್ನುವ ಪ್ರಶ್ನೆಗೆ ಉತ್ತರ ಹೇಳಿ ಮತ್ತೆ ಎತ್ತಬೇಕಲ್ಲ.

ಇಲ್ಲೊಂದು ಅವಮಾನದ ಕಥೆ ಹೇಳಲೇಬೇಕು. ಮೊದಲ ಲೆಕ್ಕದಲ್ಲಿ ಕಡಿದ ಅಂಚಿನಿಂದ ಕಡಿದ ಅಂಚಿಗೆ ಸರಾಸರಿ ಅಗಲ 11 ಮೀಟರು ಬಂತು. ಕುಣಿದಾಡಿ ನಾಲ್ಕು ಗೆಳೆಯರಿಗೆ ಮೇಲ್ ಹಾಕಿದೆ. ಅವರಲ್ಲಿ ಒಬ್ಬ ಸಿವಿಲ್ ಓದಿದವನು ಒಂದೇ ಸಾಲು ಬರೆದ, 'ಧರೆ ಎಷ್ಟು ಎತ್ತರ ಇದೆ?' ಅಷ್ಟೇ. ಅರ್ಥ ಆಗೋಕೆ ಅರ್ಧ ದಿನ ಬೇಕಾಯ್ತು. ನನ್ನ ರೀಪು ಇದ್ದದ್ದು ರಸ್ತೆಯ ಮೇಲೆ, ಕ್ಯಾಮೆರಾದಿಂದ 18 ಮೀಟರು ಕೆಳಗೆ. ಗುಡ್ಡ ಕಡಿದ ಧರೆಯ ತುದಿ ರಸ್ತೆಗಿಂತ ಮೂರು ಮೀಟರು ಮೇಲಿದ್ದರೆ ಅದು ಕ್ಯಾಮೆರಾಕ್ಕೆ 15 ಮೀಟರು ದೂರ ಮಾತ್ರ. ಹತ್ತಿರ ಇದ್ದದ್ದು ದೊಡ್ಡದಾಗಿ ಕಾಣುತ್ತದೆ. ಅಂಥ ಕಡೆ ನಾನು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಅಳೆದಿದ್ದೆ. ಮತ್ತೆ ಊರಿಗೆ ಹೋಗಿ ಧರೆಯ ಎತ್ತರ ಅಳೆದುಕೊಂಡು ಬಂದು ಎಲ್ಲಾ ತಿದ್ದಿದೆ. ಸರಾಸರಿ 9.6ಕ್ಕೆ ಇಳಿಯಿತು. ಮೇಲ್ ಹಾಕಿದ ನಾಲ್ವರಿಗೂ ತಪ್ಪಾಯ್ತು ಅಂತ ಬರೆದೆ. ಫೋಟೋಗಳನ್ನು ಹೆಚ್ಚು ಒತ್ತೊತ್ತಾಗಿ, ಒಂದರ ಮೇಲೊಂದು ಮುಕ್ಕಾಲು ಭಾಗ ಬರುವ ಹಾಗೆ ತೆಗೆದರೆ ಓಪನ್‌ಡ್ರೋನ್‌ಮ್ಯಾಪ್ ಅನ್ನುವ ಪುಕ್ಕಟೆ ತಂತ್ರಾಂಶ ಎತ್ತರದ ಲೆಕ್ಕವನ್ನೂ ತಾನೇ ಮಾಡಿಕೊಡುತ್ತದೆ. ಮುಂದಿನ ಸಲ ಹಾಗೇ ಮಾಡೋದು.

ಈಗ ಸಿಕ್ಕಿದ್ದನ್ನು ಕೇಳಿ. ಟಾರಿನ ಅಗಲ ಕರಾರುವಾಕ್ಕಾಗಿ 3.75 ಮೀಟರು! ಹೆಚ್ಚಿನ ಕಡೆ ನಾಲ್ಕು ಬೆರಳಿನ ವ್ಯತ್ಯಾಸವೂ ಇಲ್ಲ. ಕಾಂಟ್ರಾಕ್ಟರಿಗೆ ನಮಸ್ಕಾರ ಹೇಳಬೇಕು. ಎಂಬಿ ನೋಡಿದರೆ ಒಂದು ತಪ್ಪೂ ಸಿಗಲ್ಲ. ಆದರೆ ಟಾರಿನ ಎರಡೂ ಪಕ್ಕ ಚರಂಡಿಗೆ ಅಂತ, ಮಣ್ಣು ಹಾಕೋಕೆ ಅಂತ, ಜೆಸಿಬಿ ತಿರುಗಿಸೋಕೆ ಅಂತ, ಯಾವುದಕ್ಕೋ ಅಂತ ಕಡಿದದ್ದು ಸೇರಿ 9.6. ಟಾರು ತಗೊಂಡ ಜಾಗ ಅರ್ಧ ಹೆಕ್ಟೇರು ಚಿಲ್ಲರೆ. ಕಾಡಿನಿಂದ ಹೋದದ್ದು 1.34 ಹೆಕ್ಟೇರು. ಒಂದರ ಗೆರೆ ಎಲ್ಲೋ ಮಧ್ಯದಲ್ಲಿ ದಾಟಿದೆ, ದಾಟಿದ್ದನ್ನು ಯಾರೂ ನೋಡಿಲ್ಲ. ಎಲ್ಲಾ ಕಾಗದವೂ ಸರಿ ಇದ್ದು ಕಾಡು ಮಾತ್ರ ಕಡಿಮೆ ಆಗೋದು ಹೀಗೆ. ನಾನು ಕವಳಿ ಹಣ್ಣಿನ ಬಗ್ಗೆ ಹತ್ತು ಪೋಸ್ಟು ಬರೆದಿದ್ದರೂ ಇದು ಗೊತ್ತಾಗುತ್ತಿರಲಿಲ್ಲ.

'ಇಷ್ಟಕ್ಕೆ ದೋಟಿ ಯಾಕೆ, ಟೇಪು ಹಿಡಿದು ಅಳೆದರೆ ಆಗ್ತಿರಲಿಲ್ವಾ?' ಅಂತ ನಮ್ಮಪ್ಪನೇ ಕೇಳಿದರು. ಒಳ್ಳೇ ಪ್ರಶ್ನೆ. ಟೇಪು ಹಿಡಿದವನು ತನಗೆ ಬೇಕಾದ ಕಡೆ ಹಿಡಿಯುತ್ತಾನೆ. ನಾನು ಅಗಲ ಇರುವ ಕಡೆ ಹಿಡಿಯುತ್ತೇನೆ, ಅವರು ಕಿರಿದಾದ ಕಡೆ. ಇಬ್ಬರ ನೋಟ್‌ಬುಕ್ಕೂ ಸತ್ಯವೇ. ಫೋಟೋ ಇದ್ದರೆ ನನ್ನನ್ನು ನಂಬಬೇಕಾಗಿಲ್ಲ, ನನ್ನ ಮೇಲೆ ಸಿಟ್ಟಿರುವವನೂ ಅದೇ ಚಿತ್ರ ತೆಗೆದುಕೊಂಡು ತನಗೆ ಬೇಕಾದ ಕಡೆ ಅಳೆಯಬಹುದು. ನನ್ನ ಧರೆಯ ತಪ್ಪು ಸಿಕ್ಕಿದ್ದೂ ಹಾಗೇ ಅಲ್ವಾ? ಬೆಂಗಳೂರಿನಲ್ಲಿ ಕೂತ ಗೆಳೆಯ ಊರಿಗೆ ಕಾಲಿಡದೇ ಹಿಡಿದ. ಬರೀ ನನ್ನ ಟೇಪಿನ ಪಟ್ಟಿ ಕಳಿಸಿದ್ದರೆ ಏನು ಹಿಡಿಯೋಕಾಗ್ತಿತ್ತು?

ಟೇಪಿಗೆ ಸಿಗದ ಇನ್ನೊಂದು ಅಗಲ ಇದೆ, ನಂಗೆ ಕಾಡಿದ್ದು ಅದೇ. ಕೆಳಗಿನ ರಸ್ತೆಯ ಅಗಲ ಅಲ್ಲ, ಮೇಲಿನ ಚಪ್ಪರ ಎಷ್ಟು ಬಿರಿದಿದೆ ಅನ್ನೋದು. ನಮ್ಮ ಕಡೆ ಸಿಂಗಳೀಕ ಇದೆ. ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಅದಕ್ಕೆಂದೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಸಿಂಗಳೀಕ ಹೆಚ್ಚಿನಂಶ ಮರದ ಮೇಲೇ ಬದುಕುವ ಪ್ರಾಣಿ, ಕೊಂಬೆಯಿಂದ ಕೊಂಬೆಗೆ ಹೋಗುತ್ತದೆ. ರಸ್ತೆ ಕಿರಿದಾಗಿದ್ದು ಎರಡೂ ಪಕ್ಕದ ಕೊಂಬೆಗಳು ತಾಗುತ್ತಿದ್ದರೆ ಅದಕ್ಕೆ ಕೆಳಗೆ ರಸ್ತೆ ಇರುವುದೇ ಗೊತ್ತಿರಲ್ಲ. ಕೊಂಬೆ ತಪ್ಪಿದರೆ ಕೆಳಗೆ ಇಳಿಯಲೇಬೇಕು. ತಮಿಳುನಾಡಿನ ವಾಲ್ಪಾರೈ ಹತ್ತಿರ ಹೀಗೆ ರಸ್ತೆಗೆ ಇಳಿದ ಸಿಂಗಳೀಕಗಳು ವಾಹನಕ್ಕೆ ಸಿಕ್ಕಿ ಸತ್ತು, ಕೊನೆಗೆ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಬೇಕಾಯಿತು. ಬಿಸಿಲು ಬಿದ್ದ ಅಂಚಿನಲ್ಲಿ ಲಂಟಾನ, ಯುಪಟೋರಿಯಂ ಏಳುವುದು ಬೇರೆ.

ಇದನ್ನು ಅಳೆಯೋಕೆ ದೋಟಿ ಸಾಲದು, ಮರಗಳು ಅದಕ್ಕಿಂತ ಎತ್ತರ. ಗೆಳೆಯನೊಬ್ಬನ 250 ಗ್ರಾಮಿಗಿಂತ ಕಡಿಮೆ ತೂಕದ ಡ್ರೋನು ತಂದೆವು. 2021ರ ಡ್ರೋನ್ ನಿಯಮಗಳ ಪ್ರಕಾರ ಈ ನ್ಯಾನೋ ವರ್ಗಕ್ಕೆ ಪೈಲಟ್ ಲೈಸೆನ್ಸು ಬೇಡ. ಆದರೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯವೇ ಅಂತ ನೋಡಿಕೊಳ್ಳಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಅನುಮತಿ ಇಲ್ಲದೆ ಕೈ ಹಾಕಲೇಬೇಡಿ, ಅದು ಬೇರೆ ಕಾಯ್ದೆ. ನಮ್ಮದು ಅಭಯಾರಣ್ಯ ಅಲ್ಲದಿದ್ದರೂ ಫಾರೆಸ್ಟಿನವರಿಗೆ ಮೊದಲೇ ಪತ್ರ ಕೊಟ್ಟೆವು. ಹೆಜ್ಜೇನು ಇರುವ ಮರದ ಹತ್ತಿರ ಹೋಗಲಿಲ್ಲ. 100 ಮೀಟರು ಎತ್ತರದಿಂದ ನೋಡಿದರೆ ನಾನು ದೋಟಿ ಹಿಡಿದು ನಿಂತಿದ್ದ 140 ಜಾಗಗಳಲ್ಲಿ 61 ಕಡೆ ರಸ್ತೆ ಕಾಣಲೇ ಇಲ್ಲ. ಬರೀ ಎಲೆ. ಉಳಿದ 79 ಕಡೆ ಟಾರು ಹೊಳೆಯುತ್ತಿತ್ತು. ಗೂಗಲ್ ಅರ್ಥ್‌ನ ಹಳೆಯ ಚಿತ್ರದಲ್ಲಿ ಅದೇ ದಾರಿ ಬಹುತೇಕ ಎಲೆಯ ಕೆಳಗೇ ಇದೆ.

ಪರಿಣತರು ಹೇಳುತ್ತಾರೆ, ದಟ್ಟ ಕಾಡಿನಲ್ಲಿ ಮೇಲಿನಿಂದ ತೆಗೆದ ಫೋಟೋದಿಂದ ಉಪಯೋಗ ಇಲ್ಲ, ರಸ್ತೆ ಕಾಣಲ್ಲ, ಎಲೆ ಸಂದಿಯಲ್ಲಿ ತೂರಿ ನೋಡಲು ದುಬಾರಿ ಲೇಸರ್ ಸಲಕರಣೆ ಬೇಕು ಅಂತ. ಟಾರಿನ ಅಗಲ ಬೇಕಾದವರಿಗೆ ಆ ಮಾತು ಸರಿ. ನನಗೆ ಮಾತ್ರ ಆ ಕಾಣದ 61 ಜಾಗಗಳೇ ಫಲಿತಾಂಶ. ಅಲ್ಲಿ ರಸ್ತೆಯೂ ಇದೆ, ಬಸ್ಸೂ ಹೋಗುತ್ತದೆ, ಸಿಂಗಳೀಕವೂ ದಾಟಬಹುದು. ಅದೇ ಇಂಜಿನಿಯರು, ಅದೇ ಕಾಂಟ್ರಾಕ್ಟರು, ಅದೇ ಟಾರು. 61 ಕಡೆ ಆಗಿದ್ದು 79 ಕಡೆ ಯಾಕೆ ಆಗಲಿಲ್ಲ?

ಈ ಪ್ರಶ್ನೆ ಹಿಡಿದುಕೊಂಡು ಒಂದು ಕಚೇರಿಗೆ ಹೋದೆ. ಮಾಹಿತಿ ಹಕ್ಕಿನಲ್ಲಿ ಮೊದಲೇ ಹತ್ತು ರೂಪಾಯಿ ಕಟ್ಟಿ ಕೇಳಿದ್ದಕ್ಕೆ ಉತ್ತರ ಬಂದಿತ್ತು. ಉದ್ದ: 1.40 ಕಿ.ಮೀ. ಅಗಲ: ನಿಯಮಾನುಸಾರ. ಇಷ್ಟೇ. ಉದ್ದಕ್ಕೆ ಎರಡು ದಶಮಾಂಶ, ಅಗಲಕ್ಕೆ ಒಂದು ವಿಶೇಷಣ! ಅಲ್ಲಿದ್ದವರು ನನ್ನ ಚಿತ್ರ ನೋಡಿ, 'ಇದೆಲ್ಲ ಅಧಿಕೃತ ಸರ್ವೆ ಅಲ್ಲ ಸಾರ್, ಕಂಪ್ಯೂಟರಿನಲ್ಲಿ ಏನು ಬೇಕಾದ್ರೂ ಮಾಡಬಹುದು' ಅಂದರು. ಸರಿ, ನಾಳೆ ನಿಮ್ಮದೇ ಟೇಪು ತನ್ನಿ, ನೀವೇ ಯಾವುದಾದರೂ ಐದು ಜಾಗ ಆರಿಸಿ, ಅಲ್ಲಿ ಅಳೆಯೋಣ ಅಂದೆ. ನೋಡೋಣ ಅಂದರು. ಇನ್ನೂ ನೋಡುತ್ತಾ ಇದ್ದಾರೆ. ಅಂದ ಹಾಗೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ, 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಬರೀ ಕಾಗದ ಕೇಳುವ ಹಕ್ಕಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕೂ ಇದೆ.

'ಅಧಿಕೃತ ಅಲ್ಲ' ಅನ್ನುವ ಮಾತು ಕೇಳಿ ನಗು ಬಂತು. 2020ರಲ್ಲಿ ಸ್ವಾಮಿತ್ವ ಯೋಜನೆ ಶುರುವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಹಳ್ಳಿಹಳ್ಳಿಯ ಮೇಲೆ ಡ್ರೋನು ಹಾರಿಸಿ ಜನರ ಮನೆ, ಅಂಗಳ, ಕೊಟ್ಟಿಗೆಯ ಗಡಿ ಗುರುತಿಸುವ ಯೋಜನೆ. ನಮ್ಮ ಕೊಟ್ಟಿಗೆ ಅಳೆಯೋಕೆ ಮೇಲಿನಿಂದ ತೆಗೆದ ಫೋಟೋ ಅಧಿಕೃತ, ಅವರ ರಸ್ತೆ ಅಳೆಯೋಕೆ ಅದೇ ಫೋಟೋ ಗ್ರಾಫಿಕ್ಸು. ಕೇಂದ್ರದವರು ಗ್ರಾಮ ಸಡಕ್ ರಸ್ತೆಗಳ ನಕ್ಷೆಯನ್ನು ಎಲ್ಲರೂ ಇಳಿಸಿಕೊಳ್ಳುವ ಹಾಗೆ 2022ರಲ್ಲಿ ಬಿಟ್ಟಿದ್ದಾರೆ, ಒಳ್ಳೆಯ ಕೆಲಸ. ಕಾಡಿನೊಳಗೆ ಹೋಗುವ ಪ್ರತಿ ಕಾಮಗಾರಿಗೂ ಮೊದಲೊಂದು ಸಲ, ಮುಗಿದ ಮೇಲೊಂದು ಸಲ ಮೇಲಿನಿಂದ ಫೋಟೋ ತೆಗೆದು ಅದರ ಜೊತೆಗೇ ಹಾಕಿ ಅಂತ ನಾವು ಕೇಳಬೇಕಾಗಿರೋದು. ರಸ್ತೆಗೆ ಸುರಿಯುವ ದುಡ್ಡಿನ ಮುಂದೆ ಆ ಖರ್ಚು ಏನೂ ಅಲ್ಲ.

ಇಷ್ಟೆಲ್ಲಾ ಹೇಳಿ ನನಗೆ ನಿದ್ದೆ ಕೆಡಿಸಿದ ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ಡ್ರೋನು ಇಳಿಸಿದ ಸಂಜೆ ಪಕ್ಕದ ಕೇರಿಯವರೊಬ್ಬರು ಮನೆಗೆ ಬಂದರು. ದೋಟಿ ಹಿಡಿಯೋಕೆ ಸಹಾಯ ಮಾಡಿದವರೇ. ಚಹಾ ಕುಡಿದು, ಆಚೀಚೆ ಮಾತಾಡಿ, ಕೊನೆಗೆ, 'ತಮಾ, ನಿನ್ನ ರಸ್ತೆ ಫೋಟೋದಲ್ಲಿ ನನ್ನ ಮೂರು ಗುಂಟೆ ಅಡಿಕೆ ಕಾಣ್ತದ್ಯನ?' ಅಂದರು. ಕಾಣುತ್ತಿತ್ತು. ಚೆನ್ನಾಗಿಯೇ ಕಾಣುತ್ತಿತ್ತು. ಅವರು ಅರಣ್ಯ ಹಕ್ಕಿಗೆ ಅರ್ಜಿ ಹಾಕಿ ವರ್ಷಗಳಾದವು, ಇತ್ಯರ್ಥ ಆಗಿಲ್ಲ. ನಾನು ಹೆಮ್ಮೆಯಿಂದ ಇಂಟರ್ನೆಟ್ಟಿಗೆ ಹಾಕಲಿದ್ದ ಫೋಟೋ ಹಿಡಿದುಕೊಂಡು ನಾಳೆ ಯಾರಾದರೂ ಇವರ ಬಾಗಿಲಿಗೇ ಬಂದರೆ? ರಸ್ತೆಯಲ್ಲಿ ಒಂದು ಹೆಕ್ಟೇರಿಗಿಂತ ಹೆಚ್ಚು ನುಂಗಿದವರನ್ನು ಹಿಡಿಯಲು ಹೋಗಿ ಮೂರು ಗುಂಟೆಯವರನ್ನು ಹಿಡಿದುಕೊಟ್ಟಂತೆ ಆಗುತ್ತಿತ್ತು. ಫೋಟೋ ನಿಷ್ಪಕ್ಷಪಾತಿ ಅಂತ ಮೇಲೆ ಜಂಬ ಕೊಚ್ಚಿದೆನಲ್ಲ, ಅದನ್ನು ಯಾರು ಕೈಗೆತ್ತಿಕೊಳ್ಳುತ್ತಾರೆ ಅನ್ನುವುದು ನನ್ನ ಕೈಯಲ್ಲಿಲ್ಲ.

ಅವತ್ತು ರಾತ್ರಿಯೇ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದೆ. ರಸ್ತೆಯ ಮಧ್ಯದಿಂದ ಎರಡೂ ಕಡೆ 15 ಮೀಟರು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿ ಎಸೆಯುತ್ತದೆ. 15 ಮೀಟರಿನ ಒಳಗೆ ಯಾರದಾದರೂ ಮನೆ, ಗದ್ದೆ, ತೋಟ ಬಂದರೆ ಅದನ್ನು ಕೈಯಿಂದ ಮಸುಕು ಮಾಡೋದು. ಮೂಲ ಫೋಟೋಗಳನ್ನು ಅವರೆದುರಿಗೇ ಅಳಿಸಿದೆ. ಅದರಿಂದ ನನ್ನ ಲೆಕ್ಕವನ್ನು ಬೇರೆಯವರು ಪರೀಕ್ಷೆ ಮಾಡುವುದು ಕೆಲವು ಕಡೆ ಕಷ್ಟ ಆಗುತ್ತದೆ, ಆಗಲಿ. ನೀವ್ಯಾರಾದರೂ ನಿಮ್ಮೂರಲ್ಲಿ ಇದನ್ನು ಮಾಡುವುದಾದರೆ ಮೊದಲು ರಸ್ತೆಯ ಆಚೀಚೆ ಇರುವವರ ಮನೆಗೆ ಹೋಗಿ ಕೇಳಿ, ಆಮೇಲೆ ದೋಟಿ ಎತ್ತಿ. ನಾನು ತಿರುಗಾಮುರುಗಾ ಮಾಡಿದೆ.

ಕತ್ತರಿಸಿದ ಚಿತ್ರಗಳು, ಅಳತೆಯ ಪಟ್ಟಿ, ಸ್ಕ್ರಿಪ್ಟು, ಕೇಳಿದವರಿಗೆ ಕಳಿಸುತ್ತೇನೆ. ಅಗಲವನ್ನು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲೂ ತುಂಬಿದ್ದೇನೆ, ಅಲ್ಲಿ ಅಗಲಕ್ಕೆ ಅಂತ ಒಂದು ಜಾಗ ಇದೆ. ಶೃಂಗೇರಿ, ಹೊಸನಗರ, ಮಡಿಕೇರಿ, ಜೋಯಿಡಾ ಕಡೆಯವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ಮುಂದಿನ ಸಲ ಜೆಸಿಬಿ ಬಗ್ಗೆ ಪೋಸ್ಟು ಬರೆದರೆ ಕೆಳಗೆ ಬಂದು 'ಅಗಲ ಎಷ್ಟು?' ಅಂತ ಕೇಳುತ್ತೇನೆ, ಬೈಕೋಬೇಡಿ.

ಈ ರಸ್ತೆ ಯಾವ ಕಾಯ್ದೆಯ ಅಡಿಯಲ್ಲಿ, ಎಷ್ಟು ಹೆಕ್ಟೇರಿಗೆ ಅನುಮತಿ ಪಡೆದು ಆದದ್ದು ಅಂತ ಎರಡನೇ ಅರ್ಜಿ ಹಾಕಿದ್ದೇನೆ. ಉತ್ತರಕ್ಕೆ 30 ದಿನ ಇದೆ, ಇವತ್ತಿಗೆ 22. ದೋಟಿ ಸದ್ಯಕ್ಕೆ ವಾಪಸ್ಸು ಕೊಟ್ಟಾಯ್ತು, ಅವರಿಗೆ ಕೊನೆ ಕೊಯ್ಲು ಶುರುವಾಗಿದೆ. ಕೊಯ್ಲು ಮುಗಿದ ಮೇಲೆ ಮತ್ತೆ ಕೊಡುತ್ತೇನೆ ಅಂದಿದ್ದಾರೆ. ಅಷ್ಟರಲ್ಲಿ ಆ ಹೊನ್ನೆ ಮರದಿಂದ ಗಾಳಿಪಟ ಇಳಿಸಿಕೋ ಅಂತಲೂ ಹೇಳಿದ್ದಾರೆ.